ಅಣ್ಣನ ಕಾದಂಬರಿಯ ತೂತುಗಳು

ನನ್ನ ಅಣ್ಣ ಒಂದೇ ಒಂದು ಕಾದಂಬರಿ ಬರೆದ. ಅದು ಅಚ್ಚಾಯಿತು, ಒಂದಷ್ಟು ಜನ ಓದಿದರು, ಆಮೇಲೆ ಎಲ್ಲರೂ ಮರೆತರು. ಶಿಡ್ಲಘಟ್ಟದ ನಮ್ಮ ಬಾಡಿಗೆ ಮನೆಯ ನಡುಮನೆಯಲ್ಲಿ ಕುಳಿತು ಅದನ್ನು ಚೊಕ್ಕವಾಗಿ ನಕಲು ಮಾಡಿದವಳು ನಾನು. ಅದರಲ್ಲಿ ಎಲ್ಲೆಲ್ಲಿ ತಪ್ಪಿದೆ ಎಂದು ಹುಡುಕಿ ತೋರಿಸಿದವಳೂ ನಾನೇ.

ಅವನಿಗೂ ನನಗೂ ಒಂಬತ್ತು ವರ್ಷದ ಅಂತರ. ನಮ್ಮದು ಮಂಚೇನಹಳ್ಳಿಯಿಂದ ಎರಡು ಮೈಲಿ ಒಳಗಿನ ಹಳ್ಳಿ. ಅಮ್ಮ ನಾನು ಚಿಕ್ಕವಳಿದ್ದಾಗಲೇ ಹೋಗಿದ್ದರು. ಅಣ್ಣನಿಗೆ ಶಿಡ್ಲಘಟ್ಟದಲ್ಲಿ ವಿಜ್ಞಾನದ ಮೇಷ್ಟ್ರ ಕೆಲಸವಾದ ವರ್ಷವೇ ಅಪ್ಪನೂ ತೀರಿಕೊಂಡರು. ಜಮೀನನ್ನು ದೊಡ್ಡಪ್ಪ ನೋಡಿಕೊಳ್ಳುತ್ತೇನೆ ಎಂದರು. ನನ್ನನ್ನು ಯಾರು ನೋಡಿಕೊಳ್ಳುತ್ತಾರೆ ಎಂಬ ಮಾತು ಬರುವ ಮೊದಲೇ ಅಣ್ಣ ನನ್ನ ಬಟ್ಟೆಗಳನ್ನು ಒಂದು ಟ್ರಂಕಿಗೆ ತುಂಬಿ ಬಸ್ಸಿನ ಮೇಲೆ ಹಾಕಿಸಿದ್ದ. ಅವನಿಗೆ ಆಗಲೇ ಮದುವೆಯಾಗಿತ್ತು. ಅತ್ತಿಗೆ ಗೌರಿಬಿದನೂರಿನ ಆಚೆ, ವಿದುರಾಶ್ವತ್ಥದ ಕಡೆಯವರು. ಅವರ ತವರಿನಲ್ಲಿ ಮನೆಮಾತು ತೆಲುಗು, ಓದಿದ್ದೂ ತೆಲುಗಿನಲ್ಲೇ. ಕನ್ನಡ ಚೆನ್ನಾಗಿ ಆಡುತ್ತಿದ್ದರು, ಓದಲು ಮಾತ್ರ ಬರುತ್ತಿರಲಿಲ್ಲ. ಗಂಡನ ತಂಗಿಯೊಬ್ಬಳು ಬಂದು ತಮ್ಮ ಮನೆಯಲ್ಲಿ ಉಳಿದುಬಿಟ್ಟಳು ಎಂದು ಅವರು ಒಂದು ದಿನವೂ ಮುಖ ಸಣ್ಣದು ಮಾಡಿದ್ದು ನಾನು ಕಾಣೆ.

ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಮನೆಯಲ್ಲಿದ್ದೆ. ಐವತ್ತರ ದಶಕ ಮುಗಿಯುತ್ತ ಬಂದಿತ್ತು. ನಮ್ಮ ಬೀದಿಯಲ್ಲಿ ಮನೆಗೊಂದು ರೇಷ್ಮೆ ಬಿಚ್ಚುವ ಒಲೆ. ಬೆಳಗಾದರೆ ಗೂಡು ಬೇಯುವ ನಾತ ಹಿತ್ತಿಲ ಗೋಡೆ ಹಾರಿ ಬರುತ್ತಿತ್ತು. ಹೊಸದಾಗಿ ಬಂದವರು ಮೂಗು ಮುಚ್ಚಿಕೊಳ್ಳುತ್ತಿದ್ದರು, ನಮಗೆ ಅದು ಹೊತ್ತು ತಿಳಿಸುವ ಗಂಟೆಯಂತೆ ಆಗಿಹೋಗಿತ್ತು. ಪೇಟೆಬೀದಿಯಲ್ಲಿ ಪುಸ್ತಕ ಬಾಡಿಗೆಗೆ ಕೊಡುವ ಒಂದು ಸಣ್ಣ ಅಂಗಡಿ ಇತ್ತು. ಅಣ್ಣ ಪ್ರತಿ ಶನಿವಾರ ಅಲ್ಲಿಂದ ಎರಡು ಪತ್ತೇದಾರಿ ಕಾದಂಬರಿ ತರುತ್ತಿದ್ದ. ಮೊದಲು ಅವನು ಓದುತ್ತಿದ್ದ, ಆಮೇಲೆ ನಾನು. ಇಬ್ಬರದೂ ಮುಗಿದ ಮೇಲೆ ಊಟಕ್ಕೆ ಕುಳಿತಾಗ ಶುರುವಾಗುತ್ತಿತ್ತು: ಎಲ್ಲಿ ತೂತಿದೆ. ಅದು ನಮ್ಮ ಮಾತು. ಕತೆಯಲ್ಲಿ ಹೊಂದದ ಜಾಗಕ್ಕೆ ನಾವು ತೂತು ಎನ್ನುತ್ತಿದ್ದೆವು.

ಆ ಕಾಲದಲ್ಲಿ ಅಂಥ ಪುಸ್ತಕಗಳಲ್ಲಿ ನಾಳೆಯನ್ನು ತೋರಿಸುವ ಯಂತ್ರಗಳು ಬರತೊಡಗಿದ್ದವು. ಒಂದರಲ್ಲಿ ಕಳ್ಳರ ನಾಯಕನ ಬಳಿ ಅಂಥ ಯಂತ್ರ ಇರುತ್ತದೆ. ಆದರೂ ಕೊನೆಯ ಅಧ್ಯಾಯದಲ್ಲಿ ಪತ್ತೇದಾರ ಬಾಗಿಲು ಒದ್ದು ಒಳಗೆ ಬಂದಾಗ ಅವನು ಬೆಚ್ಚಿಬೀಳುತ್ತಾನೆ. ನಾಳೆ ಕಾಣುವವನಿಗೆ ಬೆಚ್ಚುವುದೆಲ್ಲಿ ಬಂತು ಎಂದು ನಾನು ಕೇಳಿದೆ. ಅಣ್ಣನಿಗೆ ನಗು ತಡೆಯದೆ ಸಾರು ನೆತ್ತಿಗೆ ಹತ್ತಿತು. ಅತ್ತಿಗೆ ಅವನ ತಲೆ ತಟ್ಟುತ್ತ, ಸುಳ್ಳು ಕತೆಗೆ ಅಣ್ಣತಂಗಿ ಇಷ್ಟು ತಲೆ ಕೆಡಿಸಿಕೊಳ್ಳುತ್ತೀರಲ್ಲ ಎಂದು ಬೈದರು.

ಅವರ ಮಗಳಿಗೆ ಆಗ ಐದು ವರ್ಷ. ನನ್ನನ್ನು ಅತ್ತೆ ಎನ್ನುತ್ತಿದ್ದಳು. ಮಧ್ಯಾಹ್ನ ನನ್ನ ಪಕ್ಕ ಮಲಗಿ ಕತೆ ಹೇಳಿಸಿಕೊಳ್ಳುತ್ತಿದ್ದಳು. ಆದರೆ ಅವಳದೊಂದು ಕರಾರು. ಕೊನೆಯಲ್ಲಿ ಏನಾಯಿತು ಎಂದು ಮೊದಲೇ ಹೇಳಬೇಕು. ರಾಜಕುಮಾರ ಬದುಕಿದನೋ ಸತ್ತನೋ ಗೊತ್ತಾದ ಮೇಲೆ ಅವಳು ನಿಶ್ಚಿಂತೆಯಿಂದ ಬೆರಳು ಬಾಯಿಗಿಟ್ಟುಕೊಂಡು ಕತೆಯನ್ನು ಮೊದಲಿಂದ ಕೇಳುತ್ತಿದ್ದಳು. ಸತ್ತ ಎಂದರೆ ಬೇರೆ ಕತೆ ಹೇಳು ಎನ್ನುತ್ತಿದ್ದಳು.

ಬೇಸಿಗೆ ರಜದಲ್ಲಿ ಅಣ್ಣ ತಾನೇ ಒಂದು ಬರೆಯುತ್ತೇನೆ ಎಂದ. ಒಂದೂ ತೂತಿಲ್ಲದ ಕತೆ. ಒಬ್ಬ ವಿಜ್ಞಾನಿ ಗಾಜಿನ ಬಿಲ್ಲೆಯೊಂದನ್ನು ತಯಾರಿಸುತ್ತಾನೆ. ಅದನ್ನು ದೀಪದ ಮುಂದೆ ಹಿಡಿದರೆ ಮಾರನೆಯ ದಿನ ನಡೆಯುವುದು ಗೋಡೆಯ ಮೇಲೆ ಕಾಣುತ್ತದೆ. ಒಂದು ತಂಡ ಆ ಗಾಜಿನ ಬೆನ್ನು ಹತ್ತುತ್ತದೆ. ಒಂದು ದಿನ ವಿಜ್ಞಾನಿಗೆ ರೈಲಿನ ಡಬ್ಬಿಯಲ್ಲಿ ತನ್ನದೇ ಹೆಣ ಕಾಣುತ್ತದೆ. ಅವನು ರೈಲು ಹತ್ತುವುದಿಲ್ಲ.

ಹೀಗೆಂದು ಓದಿ ಹೇಳಿ ಅಣ್ಣ ನನ್ನ ಮುಖ ನೋಡಿದ. ಅವನು ಹತ್ತದಿದ್ದರೆ ಗಾಜಿನಲ್ಲಿ ಕಂಡ ಹೆಣ ಯಾರದು ಎಂದು ನಾನು ಕೇಳಿದೆ. ಕಂಡದ್ದು ನಡೆಯಲೇಬೇಕಾದರೆ ಅವನು ಸಾಯಬೇಕು. ತಪ್ಪಿಸಬಹುದಾದರೆ ಗಾಜು ತೋರಿಸಿದ್ದು ನಾಳೆಯಲ್ಲ, ಬರೀ ಹೆದರಿಕೆ.

ಅಣ್ಣ ಪೆನ್ನು ಮುಚ್ಚಿಟ್ಟು ಎದ್ದುಹೋದ. ನಾಲ್ಕು ದಿನ ಅವನ ತಲೆ ಅಲ್ಲೇ ಇತ್ತು. ಸ್ನಾನದ ಮನೆಯಿಂದ ಒಮ್ಮೆ ನನ್ನನ್ನು ಕೂಗಿ, ಹೆಣ ಗೋಡೆ ಕಡೆ ಮುಖ ಮಾಡಿ ಮಲಗಿತ್ತು ಎಂದ. ವಿಜ್ಞಾನಿಗೆ ಕಂಡದ್ದು ತನ್ನ ಕೋಟು ಮಾತ್ರ. ಚಳಿಯಲ್ಲಿ ನಡುಗುತ್ತಿದ್ದ ಗೆಳೆಯನಿಗೆ ಅವನು ಆ ಕೋಟು ಕೊಟ್ಟಿರುತ್ತಾನೆ. ಗಾಜು ಸುಳ್ಳಾಡಲಿಲ್ಲ, ನೋಡಿದವನು ತಪ್ಪು ತಿಳಿದ. ನನಗೆ ಅದು ಬಹಳ ಹಿಡಿಸಿತು. ಹಾಗಾದರೆ ಗಾಜು ಕಳುವಾಗುವುದು ಅವನಿಗೆ ಹಿಂದಿನ ದಿನವೇ ಯಾಕೆ ಕಾಣಲಿಲ್ಲ ಎಂದು ಇನ್ನೊಂದು ತೂತು ತೋರಿಸಿದೆ. ಅದಕ್ಕೂ ಉತ್ತರ ಹುಡುಕಿದ. ಗಾಜು ಬೇಗ ಕಾಯುತ್ತದೆ, ದಿನಕ್ಕೆ ಒಂದೇ ಸಲ, ಒಂದೇ ಜಾಗವನ್ನು ನೋಡಬಹುದು. ಅಂದು ಅವನು ಬೇರೆಲ್ಲೋ ನೋಡುತ್ತಿದ್ದ. ಹೀಗೆ ಒಂದು ವರ್ಷ ನಾವಿಬ್ಬರೂ ಆ ಕತೆಗೆ ತೇಪೆ ಹಾಕಿದೆವು. ಆ ವರ್ಷದಷ್ಟು ಸುಖವಾಗಿ ನಾನು ಮತ್ತೆಂದೂ ಇರಲಿಲ್ಲ ಎಂದು ಬರೆಯಲು ಈಗಲೂ ಸಂಕೋಚವಾಗುತ್ತದೆ.

ಬೆಂಗಳೂರಿನ ಪ್ರಕಾಶಕರೊಬ್ಬರು, ಸೋಮವಾರ ಹಸ್ತಪ್ರತಿಯೊಂದಿಗೆ ಬನ್ನಿ, ಕೂತು ಮಾತಾಡೋಣ ಎಂದು ಕಾರ್ಡು ಬರೆದರು. ಅಣ್ಣ ಶಾಲೆಗೆ ರಜ ಹಾಕಿದ. ಬೆಳಗಿನ ಸಣ್ಣ ರೈಲಿಗೆ ಹೊರಟು, ಯಲಹಂಕದ ಮೇಲೆ ಬೆಂಗಳೂರಿಗೆ ಹೋಗಿ, ಗೆಳೆಯನೊಬ್ಬನ ಕೋಣೆಯಲ್ಲಿ ಒಂದು ದಿನವೋ ಎರಡು ದಿನವೋ ಇದ್ದು ಬರುವುದು ಎಂದಾಯಿತು.

ಭಾನುವಾರ ಮಗುವಿಗೆ ಸಣ್ಣಗೆ ಜ್ವರ ಬಂದಿತ್ತು. ಗಂಟಲು ನೋವು ಎಂದು ಅನ್ನ ಬೇಡವೆಂದಳು. ಅತ್ತಿಗೆ ಮೆಣಸಿನ ಕಷಾಯ ಕುಡಿಸಿದರು. ಸೋಮವಾರ ಬೆಳಗ್ಗೆ ಅಣ್ಣ ಇಸ್ತ್ರಿ ಮಾಡಿದ ಶರಟು ಹಾಕಿಕೊಂಡು, ಹಸ್ತಪ್ರತಿಯ ಚೀಲವನ್ನು ಹೆಗಲಿಗೆ ಹಾಕಿಕೊಂಡು ಮಗುವಿನ ಹತ್ತಿರ ಬಂದು ಹಣೆ ಮುಟ್ಟಿ ನೋಡಿದ. ಹೊರಗೆ ಬಂದವನು ಬಾಗಿಲಲ್ಲೇ ನಿಂತ.

"ಮೈ ಬೆಚ್ಚಗಿದೆ ಕಣಮ್ಮ," ಎಂದ. "ಹೋಗ್ಲಾ, ಬಿಡ್ಲಾ?"

"ಜ್ವರ ತಾನೆ, ಸಂಜೆಗೆ ಇಳಿಯುತ್ತೆ," ಎಂದೆ. "ನಾವಿಬ್ರು ಇದೀವಲ್ಲ. ನೀನು ಹೋಗಣ್ಣ."

ಅವನು ಇನ್ನೂ ನಿಂತೇ ಇದ್ದ. ರೈಲು ತಪ್ಪುತ್ತೆ ಎಂದು ನಾನು ಇನ್ನೊಮ್ಮೆ ಹೇಳಿದೆ. ಅವನು ಹೋದ.

ಮಧ್ಯಾಹ್ನದ ಹೊತ್ತಿಗೆ ಮಗುವಿನ ಉಸಿರಿನಲ್ಲಿ ಒಂದು ಸದ್ದು ಶುರುವಾಯಿತು. ಕತ್ತು ಊದಿತ್ತು. ಬಾಯಿ ತೆರೆಸಿ ನೋಡಿದರೆ ಒಳಗೆ ಬಿಳಿಯ ಪೊರೆ ಕಟ್ಟಿದಂತಿತ್ತು. ಅತ್ತಿಗೆ ಮಗುವನ್ನು ಹೆಗಲಿಗೆ ಹಾಕಿಕೊಂಡು ಬರಿಗಾಲಲ್ಲೇ ಬೀದಿಗಿಳಿದರು. ನಾನು ಹಿಂದೆ ಓಡಿದೆ. ಪೇಟೆಯ ಡಾಕ್ಟರು ಒಂದೇ ನೋಟದಲ್ಲಿ ಗಂಟಲಮಾರಿ ಎಂದರು. ಅದಕ್ಕೆ ಬೇಕಾದ ಇಂಜಕ್ಷನ್ ತಮ್ಮ ಹತ್ತಿರ ಇಲ್ಲ, ಒಂದು ಗಳಿಗೆಯೂ ಕಾಯದೆ ಚಿಕ್ಕಬಳ್ಳಾಪುರಕ್ಕೆ ಕರೆದುಕೊಂಡು ಹೋಗಿ ಎಂದರು. ನಮ್ಮ ಪಕ್ಕದ ಮನೆಯ ಸಾಬರು ರೇಷ್ಮೆ ಬಿಚ್ಚುವವರು. ವಿಷಯ ಕೇಳಿ ಒಲೆಯ ಮುಂದಿನಿಂದ ಎದ್ದವರೇ ಗೂಡಿನ ವ್ಯಾಪಾರಿಯೊಬ್ಬರ ಕಾರನ್ನು ನಿಲ್ಲಿಸಿಕೊಂಡು ಬಂದರು. ಅವರ ಕೈಯಿಂದ ಇನ್ನೂ ಬಿಸಿನೀರು ತೊಟ್ಟಿಕ್ಕುತ್ತಿತ್ತು. ಮುಂದೆ ಅವರು ಕೂತರು, ಹಿಂದೆ ನಾವು. ಅತ್ತಿಗೆ ದಾರಿಯುದ್ದಕ್ಕೂ ತೆಲುಗಿನಲ್ಲಿ ಮಗುವಿನೊಂದಿಗೆ ಮಾತಾಡುತ್ತಿದ್ದರು. ಊರು ಬಂತು, ಇನ್ನೇನು ಬಂದೇಬಿಟ್ಟಿತು ಎನ್ನುತ್ತಿದ್ದರು.

ಚಿಕ್ಕಬಳ್ಳಾಪುರ ಇನ್ನೂ ಒಂದೂವರೆ ಮೈಲಿ ಇರುವಾಗ ಆ ಸದ್ದು ನಿಂತಿತು. ಉಸಿರು ಸಲೀಸಾಯಿತು ಎಂದು ನಾನು ಒಂದು ಕ್ಷಣ ಅಂದುಕೊಂಡೆ. ಅತ್ತಿಗೆ ಮಾತು ನಿಲ್ಲಿಸಿದ್ದನ್ನು ನೋಡಿದಾಗ ತಿಳಿಯಿತು.

ಅಣ್ಣನ ಗೆಳೆಯನ ಕೋಣೆ ಬೆಂಗಳೂರಿನಲ್ಲಿ ಎಲ್ಲಿದೆ ಎಂಬುದು ನಮಗೆ ಯಾರಿಗೂ ಗೊತ್ತಿರಲಿಲ್ಲ. ತಂತಿ ಕೊಡೋಣವೆಂದರೆ ವಿಳಾಸವಿಲ್ಲ. ಅವನು ಮಂಗಳವಾರ ಬರುತ್ತಾನೋ ಬುಧವಾರ ಬರುತ್ತಾನೋ ಅದೂ ಗೊತ್ತಿಲ್ಲ. ಚಿಕ್ಕ ಮಗು, ಇಟ್ಟುಕೊಳ್ಳಬಾರದು ಎಂದು ಬೀದಿಯ ಹಿರಿಯರು ಹೇಳಿದರು. ಅಣ್ಣನ ಶಾಲೆಯ ಹೆಡ್ಮಾಸ್ಟರು ಬಂದು ನಿಂತರು. ಮಂಗಳವಾರ ಬೆಳಗ್ಗೆ ಮಣ್ಣು ಮಾಡಿದರು.

ಅಂದು ಮಧ್ಯಾಹ್ನದ ರೈಲಿಗೆ ಅಣ್ಣ ಬಂದ. ಪ್ರಕಾಶಕರು ಪುಸ್ತಕ ಒಪ್ಪಿಕೊಂಡಿದ್ದರು. ಸ್ಟೇಷನ್ ಮಾಸ್ತರರು ಅವನ ಪರಿಚಯದವರು. ಅಣ್ಣ ರೈಲಿಳಿದು ಮೊದಲು ಅವರಿಗೇ ಸಂತೋಷದ ಸುದ್ದಿ ಹೇಳಿದನಂತೆ. ಅವರಿಗೆ ಊರಿನ ಸುದ್ದಿ ಗೊತ್ತಿತ್ತು. ಏನೂ ಹೇಳಲಾಗದೆ, ಮನೆಗೆ ಹೋಗಿ ಮೇಷ್ಟ್ರೇ, ಬೇಗ ಮನೆಗೆ ಹೋಗಿ ಎಂದಷ್ಟೇ ಅಂದರಂತೆ. ಇದನ್ನು ಅವರೇ ಬಹಳ ದಿನದ ಮೇಲೆ ನನಗೆ ಹೇಳಿದರು. ಆ ಮನುಷ್ಯನ ಮುಖ ನೋಡಿಕೊಂಡು ನಿಲ್ಲಬೇಕಾಯಿತಮ್ಮ ಎಂದು ಕಣ್ಣೊರಸಿಕೊಂಡರು.

ಅಣ್ಣ ಮಗುವಿನ ಮುಖ ನೋಡಲಿಲ್ಲ. ಮನೆಗೆ ಬಂದಾಗ ಅತ್ತಿಗೆ ಗೋಡೆಗೆ ಒರಗಿ ಕೂತಿದ್ದರು. ಅವನು ಅವರ ಎದುರು ಕುಸಿದು ಕೂತ. ಅವರು ಅವನನ್ನು ಬೈಯಲಿಲ್ಲ. ಅದೇ ನನಗೆ ತಡೆಯಲಾಗಲಿಲ್ಲ. ಅವನೇ ಹೊರಟುಹೋದ ಎಂದು ಬಂದವರೆಲ್ಲ ಮೆಲ್ಲಗೆ ಆಡಿಕೊಂಡರು. ಜ್ವರದ ಮಗುವನ್ನು ಬಿಟ್ಟು ಹೋಗುವಂಥದ್ದೇನಿತ್ತು ಎಂದು ಅತ್ತಿಗೆಯ ತಂದೆ ಅವನ ಮುಖಕ್ಕೇ ಕೇಳಿದರು. ಅಣ್ಣ ತಲೆ ತಗ್ಗಿಸಿದ. ನಾನು ಕಂಬದ ಪಕ್ಕದಲ್ಲೇ ಇದ್ದೆ. ನಾನು ಕಳಿಸಿದೆ ಎಂದು ಹೇಳಲು ಬಾಯಿ ತೆರೆದೆ. ಅಣ್ಣ ಒಮ್ಮೆ ತಲೆಯೆತ್ತಿ ನನ್ನ ಕಡೆ ನೋಡಿದ. ನಾನು ಸುಮ್ಮನಾದೆ. ಅವನು ನೋಡಿದ್ದಕ್ಕೆ ಸುಮ್ಮನಾದೆನೋ, ನನಗೇ ಹೆದರಿಕೆಯಾಗಿತ್ತೋ, ಇಷ್ಟು ವರ್ಷವಾದರೂ ಖಚಿತವಾಗಿ ಹೇಳಲಾರೆ.

ಏಳು ತಿಂಗಳಾದ ಮೇಲೆ ಅಂಚೆಯವನು ಒಂದು ಕಟ್ಟು ತಂದುಕೊಟ್ಟ. ಹತ್ತು ಪ್ರತಿ. ಮುಖಪುಟದಲ್ಲಿ ರೈಲು, ಕೋಟು ತೊಟ್ಟ ಮನುಷ್ಯ, ಅವನ ಕೈಯಲ್ಲಿ ಹೊಳೆಯುವ ಗಾಜು. ಅಣ್ಣ ಅದನ್ನು ಬಿಚ್ಚಲಿಲ್ಲ, ಬಿಚ್ಚಿದವಳು ನಾನು. ಅವನು ಶಾಲೆಗೆ ಹೋದ ಮೇಲೆ ಅತ್ತಿಗೆ ಒಂದು ಪ್ರತಿ ಕೈಗೆತ್ತಿಕೊಂಡು ತಿರುಗಿಸಿ ನೋಡಿದರು. ಇದನ್ನು ನನಗೆ ಓದಿ ಹೇಳು ಎಂದರು. ಬೇಡ ಅತ್ತಿಗೆ ಎಂದೆ. ಅವೊತ್ತು ಅವರು ಏನಕ್ಕೆ ಹೋಗಿದ್ದರು ಎಂದು ನನಗೂ ತಿಳಿಯಬೇಕಲ್ಲಮ್ಮ ಎಂದರು.

ಐದಾರು ಮಧ್ಯಾಹ್ನ ಓದಿದೆ. ಅವರು ಮೊರದಲ್ಲಿ ರಾಗಿ ಕೇರುತ್ತಲೋ ಕಡಲೆಕಾಯಿ ಬಿಡಿಸುತ್ತಲೋ ಕೇಳುತ್ತಿದ್ದರು. ಕೋಟಿನ ಗುಟ್ಟು ಬಯಲಾದಾಗ ತಲೆ ತೂಗಿದರು. ಕತೆ ಮುಗಿದ ಮೇಲೆ ಪುಸ್ತಕ ಮುಚ್ಚಿದೆ.

"ಮೊದಲನೇ ಅಧ್ಯಾಯದಲ್ಲಿ ಅವನಿಗೆ ಹೆಂಡತಿ, ಒಂದು ಹೆಣ್ಣುಮಗು ಇದೆ ಅಂತ ಓದಿದ್ಯಲ್ಲ," ಎಂದರು. "ಅವರೇನಾದ್ರು?"

ನಾನು ಪುಟ ತಿರುವಿ ನೋಡಿದೆ. ಮೂರನೆಯ ಪುಟದಲ್ಲಿ ವಿಜ್ಞಾನಿ ಪ್ರಯೋಗಶಾಲೆಗೆ ಹೊರಡುವಾಗ ಬಾಗಿಲಲ್ಲಿ ಹೆಂಡತಿ ಮಗುವನ್ನು ಎತ್ತಿಕೊಂಡು ನಿಂತಿರುತ್ತಾಳೆ. ಅಷ್ಟೇ. ಆಮೇಲೆ ನೂರಾ ಇಪ್ಪತ್ತು ಪುಟಗಳಲ್ಲಿ ಅವರ ಸುದ್ದಿಯಿಲ್ಲ.

"ನಾಳೆ ಕಾಣೋ ಗಾಜು ಕೈಲಿತ್ತು," ಎಂದರು ಅತ್ತಿಗೆ. "ಕಳ್ಳರನ್ನ ನೋಡಿದ, ರೈಲು ನೋಡಿದ. ಮನೇಲಿ ಮಗು ಹೇಗಿದೆ ಅಂತ ಒಂದು ಸಲ ನೋಡಬಹುದಿತ್ತಲ್ಲ."

ಅವರ ದನಿಯಲ್ಲಿ ಕೋಪವಿರಲಿಲ್ಲ. ಕೇಳಬೇಕೆನಿಸಿತು, ಕೇಳಿದರು. ಪೋನಿ, ಹೋಗಲಿ ಬಿಡು ಎಂದು ಮೊರ ಎತ್ತಿಕೊಂಡು ಒಳಗೆ ಹೋದರು. ಒಂದು ವರ್ಷ ನಾನೂ ಅಣ್ಣನೂ ಆ ಹಾಳೆಗಳ ಮೇಲೆ ಬಗ್ಗಿ ಒಂದೊಂದು ತೂತನ್ನೂ ಹುಡುಕಿ ಮುಚ್ಚಿದ್ದೆವು. ಇದು ನಮ್ಮಿಬ್ಬರ ಕಣ್ಣಿಗೂ ಬಿದ್ದಿರಲಿಲ್ಲ.

ಬಾಗಿಲ ಆಚೆ ಜಗುಲಿಯ ಮೇಲೆ ಚಪ್ಪಲಿ ಸದ್ದಾಯಿತು. ಅಣ್ಣ ಶಾಲೆ ಬಿಟ್ಟು ಬಂದು ಎಷ್ಟು ಹೊತ್ತಾಗಿತ್ತೋ ತಿಳಿಯದು.

ಮಾರನೆಯ ವಾರದಿಂದ ಅವನು ಮತ್ತೆ ಬರೆಯತೊಡಗಿದ. ಶಾಲೆಯಿಂದ ಬಂದವನೇ ಕಿಟಕಿಯ ಹತ್ತಿರ ಕೂತುಬಿಡುತ್ತಿದ್ದ. ಮನೆಯಲ್ಲಿ ಏನೋ ಒಂದು ಚಲನೆ ಬಂತಲ್ಲ ಎಂದು ಮೊದಲು ನನಗೆ ಸಮಾಧಾನವೇ ಆಯಿತು. ಇಪ್ಪತ್ತು ಹಾಳೆಯಾದ ಮೇಲೆ ನನ್ನ ಕೈಗೆ ಕೊಟ್ಟು, ತೂತಿದ್ದರೆ ಹೇಳು ಎಂದ.

ಅದೇ ವಿಜ್ಞಾನಿ, ಅದೇ ಗಾಜು. ಕಳ್ಳರಿಲ್ಲ, ರೈಲಿನ ಹೆಣವಿಲ್ಲ. ಅವನು ಭಾನುವಾರ ಸಂಜೆ ಗಾಜನ್ನು ತನ್ನ ಮನೆಯ ಕಡೆ ತಿರುಗಿಸುತ್ತಾನೆ. ಮಗುವಿಗೆ ಗಂಟಲಮಾರಿ ಬರುವುದು ಕಾಣುತ್ತದೆ. ಆಗಲೇ ಎತ್ತಿಕೊಂಡು ಹೋಗಿ ಇಂಜಕ್ಷನ್ ಕೊಡಿಸುತ್ತಾನೆ. ಮಗು ಸೋಮವಾರ ಅಂಗಳದಲ್ಲಿ ಆಡುತ್ತದೆ.

ನನಗೆ ಆಗ ಬುದ್ಧಿ ಇರಲಿಲ್ಲ ಎಂದೇ ಹೇಳಬೇಕು. ಹಿಂದೆ ಹೇಗೆ ಓದುತ್ತಿದ್ದೆನೋ ಹಾಗೆಯೇ ಓದಿದೆ. ಹಾಗೆ ಓದಿದರೆ ಅವನು ಮೊದಲಿನಂತಾಗುತ್ತಾನೆ ಎಂದು ಆಸೆಯಿತ್ತು. ಮಗು ಸೋಮವಾರ ಆಡುವುದಾದರೆ ಭಾನುವಾರ ಗಾಜಿನಲ್ಲಿ ಆಡುವುದೇ ಕಾಣಬೇಕಿತ್ತಲ್ಲ, ಕಾಯಿಲೆ ಹೇಗೆ ಕಂಡಿತು ಎಂದೆ. ಅವನು ಹೌದು ಎಂದು ಹಾಳೆ ತೆಗೆದುಕೊಂಡ. ಎರಡು ವಾರದ ಮೇಲೆ ಇನ್ನೊಂದು ತಂದ. ಅದರಲ್ಲಿ ಕಾಯಿಲೆ ಬೇರೆ ಮಗುವಿಗೆ. ಕೋಟಿನ ಹಾಗೆಯೇ ಇಲ್ಲಿ ಒಂದು ಕೆಂಪು ಲಂಗ. ನಾನು ಓದಿ, ಆ ಬೇರೆ ಮಗುವಿನ ತಂದೆಯೂ ಒಬ್ಬನಿರುತ್ತಾನಲ್ಲ ಅಣ್ಣ ಎಂದೆ. ಅದನ್ನೂ ಹರಿದ. ಮೂರನೆಯದರಲ್ಲಿ ವಿಜ್ಞಾನಿ ಗಾಜಿನ ಮೂಲಕ ಹಿಂದಿನ ದಿನಕ್ಕೆ ಸದ್ದು ಕಳಿಸುತ್ತಾನೆ, ಬೆಂಗಳೂರಿನಿಂದ ತನ್ನನ್ನು ತಾನೇ ಹೋಗಬೇಡ ಎಂದು ಕೂಗುತ್ತಾನೆ. ಹೋಗದಿದ್ದರೆ ಅಲ್ಲಿಂದ ಕೂಗಿದವನು ಯಾರು ಎಂದೆ.

ಹೀಗೆ ಒಂದು ಮಳೆಗಾಲ ಹೋಯಿತು. ಅವನು ಇಳಿದುಹೋದ. ಶಾಲೆಯಲ್ಲಿ ಪಾಠದ ನಡುವೆ ಸುಮ್ಮನೆ ನಿಂತುಬಿಡುತ್ತಾರೆ ಎಂದು ಹೆಡ್ಮಾಸ್ಟರು ಅತ್ತಿಗೆಗೆ ಹೇಳಿಕಳಿಸಿದರು. ಅತ್ತಿಗೆ ನನ್ನನ್ನು ಹಿತ್ತಿಲಿಗೆ ಕರೆದು, ಚೆನ್ನಾಗಿದೆ ಅಂತ ಹೇಳಿಬಿಡಮ್ಮ, ಅವರನ್ನು ಬಿಟ್ಟುಬಿಡು ಎಂದರು. ಆಗ ನನಗೆ ನಾನು ಏನು ಮಾಡುತ್ತಿದ್ದೇನೆಂದು ಅರಿವಾಯಿತು. ಅವನು ಪ್ರತಿ ಸಲ ಮಗುವನ್ನು ಬದುಕಿಸಿಕೊಂಡು ತರುತ್ತಿದ್ದ, ನಾನು ಪ್ರತಿ ಸಲ ಆಗಲಿಲ್ಲ ಎಂದು ಹಿಂದಕ್ಕೆ ಕಳಿಸುತ್ತಿದ್ದೆ.

ಆಮೇಲೆ ಅವನು ಕೊಟ್ಟದ್ದನ್ನು ಚೆನ್ನಾಗಿದೆ ಎನ್ನಬೇಕೆಂದು ಗಟ್ಟಿಮನಸ್ಸು ಮಾಡಿಕೊಂಡು ಓದಲು ಕೂತೆ. ಆ ಸಲ ಗಾಜೇ ಇರಲಿಲ್ಲ. ಒಬ್ಬ ಮೇಷ್ಟ್ರು, ಒಂದು ಬೆಳಗ್ಗೆ. ಇಸ್ತ್ರಿ ಮಾಡಿದ ಶರಟು, ಹೆಗಲ ಮೇಲಿನ ಚೀಲ, ಮಗುವಿನ ಬಿಸಿ ಹಣೆ, ಗೂಡು ಬೇಯುವ ನಾತ, ಎಲ್ಲವೂ ಇದ್ದಂತೆಯೇ ಇತ್ತು. ಅವನು ಬಾಗಿಲಿಗೆ ಬರುತ್ತಾನೆ. ನಿಲ್ಲುತ್ತಾನೆ. ಹೋಗುವುದೋ ಬಿಡುವುದೋ ಎಂದು ಯೋಚಿಸುತ್ತಾನೆ. ಆಮೇಲೆ ಹೊರಟುಹೋಗುತ್ತಾನೆ.

ಅಲ್ಲಿ ಹೊಂದಲಿಲ್ಲ. ಅಷ್ಟು ಅನುಮಾನದಲ್ಲಿ ನಿಂತವನು ಒಂದೇ ಸಾಲಿನಲ್ಲಿ ಹೇಗೆ ಹೊರಟ? ಮತ್ತೆ ಓದಿದೆ. ಮನೆಯಲ್ಲಿ ಮೇಷ್ಟ್ರು, ಹೆಂಡತಿ, ಮಗು. ಮೂರೇ ಜನ. ನಾನಿರಲಿಲ್ಲ. ಹಿಂದಿನ ಹಾಳೆಗಳಲ್ಲಿ ಹರಿಯದೆ ಉಳಿದವನ್ನು ಹುಡುಕಿ ತೆಗೆದು ನೋಡಿದೆ. ಯಾವುದರಲ್ಲೂ ತಂಗಿಯಿಲ್ಲ. ಒಂದರಲ್ಲಿ ಮಾತ್ರ ಯಾರೋ ಹೋಗು ಎಂದದ್ದನ್ನು ಬರೆದು, ಬೆಳಕಿಗೆ ಹಿಡಿಯದೆ ಓದಲಾಗದಷ್ಟು ದಪ್ಪಗೆ ಶಾಯಿ ಬಳಿದಿತ್ತು.

ಅಂದು ಭಾನುವಾರ. ಅಣ್ಣ ಬಾವಿಕಟ್ಟೆಯ ಹತ್ತಿರ ಬಟ್ಟೆ ಹಿಂಡುತ್ತಿದ್ದ. ನಾನು ಹಾಳೆ ಹಿಡಿದುಕೊಂಡು ಹೋದೆ.

"ಇಲ್ಲಿ ಒಂದು ಮಾತು ಬಿಟ್ಟುಹೋಗಿದೆ," ಎಂದೆ.

ಅವನು ಹಾಳೆಯ ಕಡೆ ನೋಡಲಿಲ್ಲ. "ಇರ್ಲಿ ಬಿಡಮ್ಮ," ಎಂದ.

"ನಾನೇ ತಾನೆ ಹೋಗು ಅಂದಿದ್ದು. ಎರಡು ಸಲ ಅಂದೆ. ಅದನ್ನ ಯಾಕೆ ಬರೀಲಿಲ್ಲ?"

"ಬರೆದ್ರೆ ಓದೋಳು ನೀನಲ್ವಾ," ಎಂದ.

ಒದ್ದೆ ಬಟ್ಟೆಯನ್ನು ಹಾಗೆಯೇ ಹಿಡಿದುಕೊಂಡು ನಿಂತಿದ್ದ. ಅದರಿಂದ ನೀರು ಅವನ ಕಾಲ ಮೇಲೆ ಸುರಿಯುತ್ತಿತ್ತು. ಮಗು ಹೋದ ಮೇಲೆ ಅವನು ಅತ್ತದ್ದನ್ನು ನಾನು ಅಂದೇ ಮೊದಲು ನೋಡಿದ್ದು. ನಾನೂ ಅತ್ತೆ. ಆದರೆ ಅಳುವುದರಿಂದ ಮುಗಿಯುವ ವಿಷಯವಲ್ಲ ಅದು ಎಂದು ನನಗೆ ಗೊತ್ತಿತ್ತು. ಅವನ ಮಾವ ಅವನಿಗೆ ಹೇಳಿದ ಮಾತು, ಬೀದಿಯವರು ಆಡಿಕೊಂಡ ಮಾತು, ಅತ್ತಿಗೆ ಆಡದೇ ಉಳಿಸಿಕೊಂಡ ಮಾತು, ಇವುಗಳಲ್ಲಿ ನನ್ನ ಪಾಲಿನದನ್ನೂ ಒಂದು ವರ್ಷಕ್ಕೂ ಮೀರಿ ಅವನೇ ಹೊತ್ತಿದ್ದ.

ನಾನು ಸೀದಾ ಅಡುಗೆಮನೆಗೆ ಹೋಗಿ ಅತ್ತಿಗೆಗೆ ಹೇಳಿದೆ. ಅಣ್ಣನದು ತಪ್ಪಲ್ಲ, ಅವನು ನಿಂತಿದ್ದ, ನಾನು ದಬ್ಬಿ ಕಳಿಸಿದೆ ಎಂದೆ. ಅವರು ಹಿಟ್ಟು ತೊಳಸುತ್ತಿದ್ದ ಕೋಲನ್ನು ಬಿಡಲಿಲ್ಲ. ಉಂಡೆ ಕಟ್ಟಿ ತಟ್ಟೆಗಿಟ್ಟ ಮೇಲೆ ನನ್ನ ಕಡೆ ತಿರುಗಿದರು.

"ನಾನು ಒಲೆ ಮುಂದೆ ಇದ್ದೆ," ಎಂದರು. "ಕೇಳಿಸ್ತು. ನಾನೂ ಬೇಡ ಅನ್ಲಿಲ್ಲ ಕಣಮ್ಮ. ಅವರು ಆ ಪುಸ್ತಕಕ್ಕೆ ಎಷ್ಟು ಆಸೆಪಟ್ಟಿದ್ರು ಅಂತ ನಂಗೂ ಗೊತ್ತಿತ್ತು."

ಆಮೇಲೆ ಮೂವರೂ ಊಟಕ್ಕೆ ಕೂತೆವು. ಅಂದು ಅತ್ತಿಗೆ ಬಹಳ ದಿನದ ಮೇಲೆ ಅಣ್ಣನಿಗೆ ಇನ್ನೊಂದು ತುತ್ತು ಹಾಕಿಸಿಕೊಳ್ಳಿ ಎಂದು ಬಲವಂತ ಮಾಡಿದರು. ಅವನು ಹಾಕಿಸಿಕೊಂಡ.

ಆ ಕೊನೆಯ ಹಾಳೆಗಳನ್ನು ಅವನು ಮುಂದುವರಿಸಲಿಲ್ಲ. ಪ್ರಕಾಶಕರು ಎರಡು ಮೂರು ಸಲ ಬರೆದು, ಇನ್ನೊಂದು ಕೊಡಿ, ನಿಮ್ಮ ಕೋಟಿನ ಕತೆ ಓದುಗರಿಗೆ ಹಿಡಿಸಿದೆ ಎಂದು ಕೇಳಿದರು. ಶಾಲೆಯ ಕೆಲಸದಿಂದ ಬಿಡುವಿಲ್ಲ ಎಂದು ಅಣ್ಣ ನನ್ನ ಕೈಯಲ್ಲೇ ಉತ್ತರ ಬರೆಸಿದ. ಪೇಟೆಬೀದಿಯ ಪುಸ್ತಕದ ಅಂಗಡಿಗೂ ಹೋಗುವುದು ನಿಂತಿತು. ಅವನು ಸರಿಹೋದ ಎಂದು ನಾನು ಹೇಳುವುದಿಲ್ಲ. ಪಾಠದ ನಡುವೆ ನಿಲ್ಲುವುದು ಕಡಿಮೆಯಾಯಿತು, ಅಷ್ಟು.

ಎರಡು ವರ್ಷದ ಮೇಲೆ ನನ್ನ ಮದುವೆಯಾಗಿ ಚಿಂತಾಮಣಿಗೆ ಹೋದೆ. ನನ್ನ ಯಜಮಾನರದು ಕಡಲೆಕಾಯಿ ಮಂಡಿಯಲ್ಲಿ ಕೆಲಸ. ಅಣ್ಣನಿಗೆ ಗೌರಿಬಿದನೂರಿಗೆ ವರ್ಗವಾಯಿತು. ಅತ್ತಿಗೆಗೆ ತವರು ಹತ್ತಿರವಾಯಿತೆಂದು ಸಂತೋಷ. ಅಲ್ಲಿ ಅವರಿಗೊಬ್ಬ ಮಗ ಹುಟ್ಟಿದ. ನಾನು ಬಾಣಂತನಕ್ಕೆ ಹೋಗಿ ಬಂದೆ, ಆಮೇಲೆ ವರ್ಷಕ್ಕೊಮ್ಮೆ ಹೋಗುತ್ತಿದ್ದೆ.

ಆ ಹುಡುಗನಿಗೆ ನಾಲ್ಕು ವರ್ಷವಿದ್ದಾಗ ಒಮ್ಮೆ ನಾನು ಅಲ್ಲಿರುವಾಗಲೇ ಅವನಿಗೆ ಜ್ವರ ಬಂತು. ಅವನಿಗೆ ಗಂಟಲಮಾರಿಯ ಚುಚ್ಚುಮದ್ದು ಹುಟ್ಟಿದ ವರ್ಷವೇ ಹಾಕಿಸಿದ್ದರು. ಡಾಕ್ಟರು ಮನೆಗೆ ಬಂದು ನೋಡಿ ಶೀತ ಅಷ್ಟೇ ಎಂದು ಹೋದರು. ಆದರೂ ಅಣ್ಣ ಮೂರು ದಿನ ಶಾಲೆಗೆ ಹೋಗಲಿಲ್ಲ. ಹಾಸಿಗೆಯ ಪಕ್ಕ ಕುರ್ಚಿ ಹಾಕಿಕೊಂಡು ಕೂತ. ಗಳಿಗೆಗೊಮ್ಮೆ ಹುಡುಗನ ಬಾಯಿ ತೆರೆಸಿ ಟಾರ್ಚ್ ಬಿಟ್ಟು ನೋಡುತ್ತಿದ್ದ. ಹುಡುಗ ಬೇಸತ್ತು ಅಳುತ್ತಿದ್ದ. ಅವರಿಗೆ ದಿನಾ ಇದೇ ಆಗಿದೆ, ಬಸ್ಸು ತಡವಾದರೆ ಬಸ್ಸು ಮಗುಚಿದ್ದು ಕಾಣುತ್ತೆ, ಮಗು ಕೆಮ್ಮಿದರೆ ಇನ್ನೇನೋ ಕಾಣುತ್ತೆ ಎಂದು ಅತ್ತಿಗೆ ನನಗೆ ಹೇಳಿದರು. ನಿಮಗೂ ಹಾಗೇನಾ ಎಂದು ಕೇಳಿದೆ. ನನಗೆ ಹಾಗೆ ಮುಂದಿನದು ಕಾಣುವುದಿಲ್ಲ, ಹಿಂದಿನದೇ ಸಾಕಾಗಿದೆ ಎಂದರು.

ನಾಲ್ಕನೆಯ ದಿನ ಹುಡುಗ ಎದ್ದು ಓಡಾಡಿದ. ಅಂದೇ ಮಧ್ಯಾಹ್ನ ನಾನು ಚಿಂತಾಮಣಿಗೆ ಹೊರಟೆ. ಅಣ್ಣ ಬಸ್‌ಸ್ಟ್ಯಾಂಡಿನವರೆಗೂ ಬಂದು ಕಿಟಕಿಯ ಪಕ್ಕ ಜಾಗ ಹಿಡಿದುಕೊಟ್ಟ. ಅವನ ಕೂದಲು ಅಷ್ಟರಲ್ಲೇ ಪೂರ್ತಿ ಬೆಳ್ಳಗಾಗಿತ್ತು, ನಲವತ್ತೂ ಆಗಿರಲಿಲ್ಲ. ಡ್ರೈವರು ಹತ್ತಿದ ಮೇಲೆ ಅವನು ಕಿಟಕಿಯ ಸರಳು ಹಿಡಿದುಕೊಂಡು, ಹೋಗಿ ತಲುಪಿದ ಕೂಡಲೇ ಒಂದು ಕಾರ್ಡು ಹಾಕು ಎಂದ. ಹಾಕ್ತೀನಿ ಎಂದೆ. ಮರೀಬೇಡ ಎಂದ. ಬಸ್ಸು ಹೊರಟಾಗ ಅವನು ಸರಳು ಬಿಡದೆ ನಾಲ್ಕು ಹೆಜ್ಜೆ ಜೊತೆಗೇ ಬಂದ, ಕಂಡಕ್ಟರು ಗದರಿದ ಮೇಲೆ ಬಿಟ್ಟ.

ಮನೆ ತಲುಪಿದಾಗ ಅಂಚೆಯ ಹೊತ್ತು ಮೀರಿತ್ತು. ಆದರೂ ಕಾಲು ತೊಳೆಯುವ ಮೊದಲು ಕಾರ್ಡು ತೆಗೆದುಕೊಂಡು ಸುಖವಾಗಿ ತಲುಪಿದೆ ಎಂದು ಬರೆದು, ಅಂಚೆ ಡಬ್ಬಿಗೆ ಹಾಕಿ ಬನ್ನಿ ಎಂದು ಯಜಮಾನರ ಕೈಗೆ ಕೊಟ್ಟೆ.